ಶನಿವಾರದ ಆಲ್ಜೀಬ್ರಾ ಕ್ಲಾಸು ಲ್ಯಾಬಲ್ಲಿ
ಎಲ್ರಿಗೂ ನಮಸ್ಕಾರ. ಎಂಎಸ್ಸಿ ಮೊದಲ ಸೆಮಿಸ್ಟರ್‌ನೋರು ಗಮನಿಸಿ, ಈ ಶನಿವಾರ ಬೆಳಗ್ಗೆ 10ಕ್ಕೆ ಗ್ರೂಪ್ ಥಿಯರಿ ಕ್ಲಾಸು ಕಂಪ್ಯೂಟರ್ ಲ್ಯಾಬಲ್ಲಿ, ಸೇಜ್‌ಮ್ಯಾಥ್ ಅನ್ನೋ ಗಣಿತದ ಸಾಫ್ಟ್‌ವೇರ್ ಇಟ್ಕೊಂಡು ಮಾಡ್ತೀವಿ. ಅದು ಓಪನ್ ಸೋರ್ಸ್, ದುಡ್ಡೇನೂ ಕೊಡ್ಬೇಕಾಗಿಲ್ಲ, ಒಳಗೆ ಗ್ರೂಪ್‌ಗಳ ಲೆಕ್ಕ ಮಾಡೋದು 1986ರಲ್ಲಿ ಜರ್ಮನಿಯ ಆಖೆನ್‌ನಲ್ಲಿ ಶುರುವಾದ ಗ್ಯಾಪ್ ಅನ್ನೋ ಪ್ರೋಗ್ರಾಂ. ಇನ್‌ಸ್ಟಾಲ್ ಆಗ್ದಿದ್ರೆ ಬಿಡಿ, ಅದರ ಆನ್‌ಲೈನ್ ರೂಪ ಸೇಜ್‌ಸೆಲ್ ಮೊಬೈಲ್ ಬ್ರೌಸರ್‌ನಲ್ಲೇ ಓಡುತ್ತೆ.

ಬರೋ ಮುಂಚೆ ಒಂದು ಕೆಲ್ಸ: ಎ4ರ (ನಾಲ್ಕು ವಸ್ತುಗಳ ಈವನ್ ಪರ್ಮ್ಯುಟೇಶನ್‌ಗಳ ಗ್ರೂಪ್) 12 ಎಲಿಮೆಂಟ್ಸ್ ಕೈಯಲ್ಲೇ ಬರ್ದು, ಆರ್ಡರ್ 6, ಅಂದ್ರೆ 6 ಎಲಿಮೆಂಟ್ಸ್ ಇರೋ ಸಬ್‌ಗ್ರೂಪ್ ಹುಡುಕಿ. ಸಬ್‌ಗ್ರೂಪ್‌ನ ಆರ್ಡರ್ ಗ್ರೂಪ್‌ನ ಆರ್ಡರ್‌ನ ಭಾಗಿಸುತ್ತೆ ಅನ್ನೋ ಲಗ್ರಾಂಜ್ ಥಿಯರಂ ಉಲ್ಟಾ ಯಾಕೆ ನಿಲ್ಲಲ್ಲ ಅನ್ನೋದು ಅಲ್ಲೇ ಇದೆ. ಸೇಜ್ ಹತ್ತೂ ಸಬ್‌ಗ್ರೂಪ್ ಕ್ಷಣದಲ್ಲಿ ತೋರ್ಸುತ್ತೆ, ಆದ್ರೆ ಪ್ರೂಫ್ ನಾವೇ ಬರೀಬೇಕು, ಅದಕ್ಕೇ ಕೈಯಲ್ಲಿ ಮಾಡ್ಕೊಂಡು ಬನ್ನಿ ಅಂತಿರೋದು.

ಲ್ಯಾಪ್‌ಟಾಪ್ ಇರೋರು, ಇಲ್ದೋರು ಇಬ್ರೂ ಗುರುವಾರದೊಳಗೆ ಇಲ್ಲೇ ತಿಳ್ಸಿ, ಜೋಡಿ ಮಾಡ್ಬೇಕು.