ಕಾಲೇಜು ವೆಬ್‌ಸೈಟ್‌ಗೂ ಎಎಂಸಿ ಬೇಕು

ಮಾನ್ಯರೇ,

ಮಗಳ ಡಿಗ್ರಿ ಪ್ರವೇಶಕ್ಕೆ ಈಚೆಗೆ ತುಮಕೂರಿನ ಕಾಲೇಜೊಂದರ ವೆಬ್‌ಸೈಟ್‌ನಲ್ಲಿ ಅರ್ಜಿ ತುಂಬಲು ಕೂತಿದ್ದೆ. ಮಾರ್ಕ್ಸ್ ಕಾರ್ಡ್, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಎಲ್ಲವನ್ನೂ ಅಪ್‌ಲೋಡ್ ಮಾಡಬೇಕಿತ್ತು. ವೆಬ್‌ಸೈಟ್ ಕೆಲಸವೇ ನನ್ನ ಹೊಟ್ಟೆಪಾಡು. ಹಾಗಾಗಿ ಮೊದಲು ಅದರ ಚೇಂಜ್‌ಲಾಗ್ ಫೈಲ್, ಅಂದರೆ ಸೈಟ್‌ನ ತಂತ್ರಾಂಶದ ಆವೃತ್ತಿ, ಬದಲಾವಣೆಗಳ ಪಟ್ಟಿ, ತೆರೆದು ನೋಡಿದೆ. ವಿಳಾಸದ ಕೊನೆಗೆ ಫೈಲಿನ ಹೆಸರು ಸೇರಿಸಿದರೆ ಸಾಕು, ಅದು ಯಾರಿಗೆ ಬೇಕಾದರೂ ಕಾಣುತ್ತಿತ್ತು. ಮೊದಲ ಸಾಲು: ಡ್ರುಪಾಲ್ 7.57, 2018-02-21. ಕೈ ಅಲ್ಲೇ ನಿಂತಿತು.

ಡ್ರುಪಾಲ್ ವೆಬ್‌ಸೈಟ್ ಕಟ್ಟಲು ಬಳಸುವ ಒಳ್ಳೆಯ ಓಪನ್ ಸೋರ್ಸ್ ತಂತ್ರಾಂಶ, ಪುಕ್ಕಟೆ ಸಿಗುತ್ತದೆ. 2018ರಲ್ಲಿ ಅದರಲ್ಲೊಂದು ಭಾರಿ ದೋಷ ಸಿಕ್ಕಿತು. ಲಾಗಿನ್ ಕೂಡ ಆಗದೆ, ಫಾರ್ಮ್ ಮೂಲಕ ಕೆಟ್ಟ ಕೋಡ್ ತೂರಿಸಿ ಇಡೀ ಸೈಟನ್ನು ವಶಕ್ಕೆ ತೆಗೆದುಕೊಳ್ಳಬಹುದಿತ್ತು. ಅದನ್ನು ಕಟ್ಟುವವರು ಒಂದು ವಾರ ಮೊದಲೇ ಎಲ್ಲರನ್ನೂ ಎಚ್ಚರಿಸಿ, ಮಾರ್ಚ್ 28ರಂದು ದೋಷ ಸರಿಪಡಿಸಿದ 7.58 ಆವೃತ್ತಿ ಕೊಟ್ಟರು. ಕಾಲೇಜಿನ ಸೈಟ್ ನಿಂತಿರುವುದು ಸರಿಯಾಗಿ ಅದರ ಹಿಂದಿನ ಮೆಟ್ಟಿಲಲ್ಲಿ! ಈಗಂತೂ 2025ರ ಜನವರಿ 5ಕ್ಕೆ ಡ್ರುಪಾಲ್ 7ಕ್ಕೆ ಕಟ್ಟುವವರ ಬೆಂಬಲವೇ ಮುಗಿದಿದೆ.

ಬೇರೆ ರೀತಿ ಸರಿಮಾಡಿರಬಹುದೇನೋ, ಕೇಳೋಣ ಅಂತ ಕಾಲೇಜಿಗೇ ಹೋದೆ. "ಸೈಟ್ ಚೆನ್ನಾಗೇ ಓಪನ್ ಆಗ್ತಿದೆಯಲ್ಲ ಸಾರ್?" ಎಂದರು ಆಫೀಸಿನವರು. ಅವರನ್ನು ದೂರಲು ಮನಸ್ಸಿಲ್ಲ. ಸೈಟ್ ಮಾಡಿಕೊಟ್ಟವರು ಒಂದೇ ಸಲ ದುಡ್ಡು ತೆಗೆದುಕೊಂಡು ಹೋಗಿದ್ದಾರೆ, ಈಗ ಫೋನ್ ಎತ್ತುವುದಿಲ್ಲವಂತೆ. ಅದೇ ಆಫೀಸಿನ ಯುಪಿಎಸ್‌ಗೆ, ನೀರಿನ ಫಿಲ್ಟರ್‌ಗೆ ವರ್ಷಾ ವರ್ಷ ಎಎಂಸಿ (ವಾರ್ಷಿಕ ನಿರ್ವಹಣೆ ಕರಾರು) ಇದೆ. ಸಾವಿರಾರು ಮಕ್ಕಳ ದಾಖಲೆ ತುಂಬಿಸಿಕೊಳ್ಳುವ ಸೈಟ್‌ಗೆ ಇಲ್ಲ.

ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ನಿರ್ದೇಶನ ಕೊಟ್ಟಿದೆ. ನೋಡಿಕೊಳ್ಳುವವರೇ ಇಲ್ಲದಿದ್ದರೆ ದಾಳಿ ಆಗಿದ್ದು ಗೊತ್ತಾಗುವುದಾದರೂ ಹೇಗೆ?

ನಮ್ಮ ಊರಿನ ಕಾಲೇಜುಗಳವರಲ್ಲಿ ನನ್ನ ಕೋರಿಕೆ ಇಷ್ಟೆ. ಸೈಟ್ ಮಾಡಿಸುವಾಗಲೇ ಅಪ್‌ಡೇಟ್ ಮಾಡುವ ಹೊಣೆಯನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಯಾರಾದರೂ ದೋಷ ಕಂಡರೆ ತಿಳಿಸಲು ಒಂದು ಇಮೇಲ್ ವಿಳಾಸ ಹಾಕಿ, ಅದನ್ನು ದಿನಾ ಓದಿ.

ನಾವು ಕೊನೆಗೆ ಅರ್ಜಿಯನ್ನು ಕಾಗದದಲ್ಲೇ ಕೊಟ್ಟು ಬಂದೆವು. ಪಾವಗಡ, ಶಿರಾ, ಮಧುಗಿರಿ ಕಡೆಯ ಮಕ್ಕಳು ಅದೇ ಸೈಟ್‌ಗೆ ಇವತ್ತೂ ಆಧಾರ್ ಹಾಕುತ್ತಿದ್ದಾರೆ. ಸರಿಮಾಡುವ ತನಕ ಆ ಫಾರ್ಮನ್ನಾದರೂ ದಯವಿಟ್ಟು ನಿಲ್ಲಿಸಿ.

- ಒಬ್ಬ ಪೋಷಕ, ತುಮಕೂರು