ಬಿಟ್ಟ ಉಸಿರಿನ ಲೆಕ್ಕವೂ ಬರಲಿ

ಮಾನ್ಯ ಸಂಪಾದಕರೇ,

ಗಗನಯಾನದ ಸುದ್ದಿ ಬಂದಾಗಲೆಲ್ಲ ರಾಕೆಟ್ಟಿನ ಎತ್ತರ, ಪ್ಯಾರಾಚೂಟ್‌ಗಳ ಸಂಖ್ಯೆ, ಯಾತ್ರಿಗಳಿಗೆ ಬೇಕಾದ ಆಮ್ಲಜನಕ ಇವೆಲ್ಲ ಅಚ್ಚಾಗುತ್ತವೆ. ಅವರು ಹೊರಬಿಟ್ಟ ಉಸಿರು ಏನಾಗುತ್ತದೆ ಎಂದು ಯಾರೂ ಕೇಳುವುದು ಕಾಣೆ. ಮುಚ್ಚಿದ ಕೋಶದಲ್ಲಿ ಆಮ್ಲಜನಕ ಮುಗಿಯುವ ಎಷ್ಟೋ ಮೊದಲೇ ಇಂಗಾಲದ ಡೈಆಕ್ಸೈಡ್ ಜೀವಕ್ಕೆ ಸಂಚಕಾರ ತರುತ್ತದೆ.

ಒಬ್ಬರು ದಿನಕ್ಕೆ ಸುಮಾರು 0.84 ಕೆ.ಜಿ. ಆಮ್ಲಜನಕ ಬಳಸಿ, ಸುಮಾರು 1 ಕೆ.ಜಿ. ಡೈಆಕ್ಸೈಡ್ ಹೊರಬಿಡುತ್ತಾರೆ. ಗಗನಯಾನದ ಗುರಿಯಂತೆ ಮೂವರು ಮೂರು ದಿನ ಇದ್ದರೆ ಅದು 9 ಕೆ.ಜಿ. ಆಗುತ್ತದೆ. ಲಿಥಿಯಂ ಹೈಡ್ರಾಕ್ಸೈಡ್ ಹರಳುಗಳಿಂದ ಹೀರಿಸುವುದಾದರೆ 44 ಗ್ರಾಂ ಅನಿಲಕ್ಕೆ 48 ಗ್ರಾಂ ಹರಳು, ಅಂದರೆ ಬರಿಯ ರಾಸಾಯನಿಕ ಲೆಕ್ಕದಲ್ಲೇ ಸುಮಾರು 10 ಕೆ.ಜಿ. ಬೇಕು. ಡಬ್ಬಿಯೊಳಗಿನ ಹರಳೆಲ್ಲ ಪೂರ್ತಿ ಬಳಕೆಯಾಗುವುದಿಲ್ಲವಾದ್ದರಿಂದ ಒಯ್ಯಬೇಕಾದದ್ದು ಇನ್ನೂ ಹೆಚ್ಚು. ಒಮ್ಮೆ ಹೀರಿ ಮುಗಿದ ಡಬ್ಬಿಯನ್ನು ಮತ್ತೆ ಬಳಸಲಾಗದು. ಹರಳಿನ ಪುಡಿ ಕೋಶದ ಗಾಳಿಗೆ ಸೇರಿದರೆ ಕಣ್ಣು, ಗಂಟಲು ಉರಿಯುತ್ತವೆ. ಹಾಗಾಗಿ ಗಾಳಿ ಹೊರಬರುವ ಕಡೆ ಸೋಸುವ ಪದರವೂ ಇರಬೇಕು.

ಹರಳಿನಷ್ಟೇ ಮುಖ್ಯವಾದದ್ದು ಫ್ಯಾನು. ನೆಲದ ಮೇಲೆ ಬೆಚ್ಚಗಿನ ಉಸಿರು ತಾನಾಗಿ ಮೇಲೇರುತ್ತದೆ. ಕಕ್ಷೆಯಲ್ಲಿ ಎಲ್ಲವೂ ತೂಕವಿಲ್ಲದೆ ತೇಲುವುದರಿಂದ ಬಿಟ್ಟ ಉಸಿರು ಮೂಗಿನ ಎದುರೇ ಗುಂಪುಗಟ್ಟಿ ನಿಲ್ಲುತ್ತದೆ. ಮಲಗಿದವರ ಮುಖದ ಬಳಿ ಗಾಳಿಯಾಡದಿದ್ದರೆ ಅವರು ತಲೆನೋವಿನಿಂದ ಏಳುತ್ತಾರೆ.

ಆಮ್ಲಜನಕವಿದ್ದೂ ಡೈಆಕ್ಸೈಡ್ ಕಾಡುವುದು ಅಮೆರಿಕದ ಚಂದ್ರಯಾನ ಅಪೊಲೊ 13ರಲ್ಲಿ ಆಗಿತ್ತು. 1970ರ ಏಪ್ರಿಲ್‌ನಲ್ಲಿ ಮುಖ್ಯ ನೌಕೆಯ ಆಮ್ಲಜನಕದ ಟ್ಯಾಂಕ್ ಸಿಡಿದ ಮೇಲೆ ಮೂವರು ಯಾತ್ರಿಗಳು ಚಂದ್ರನ ಮೇಲಿಳಿಯಲು ಒಯ್ದಿದ್ದ ಚಂದ್ರನೌಕೆಯೊಳಗೆ ಸೇರಿಕೊಂಡರು. ಅಲ್ಲಿ ಆಮ್ಲಜನಕ ಸಾಕಷ್ಟಿತ್ತು. ಆದರೆ ಹೀರುವ ಡಬ್ಬಿಗಳು ಇಬ್ಬರಿಗೆ, ಎರಡು ದಿನಕ್ಕೆಂದು ಲೆಕ್ಕ ಹಾಕಿದ್ದವು. ಮುಖ್ಯ ನೌಕೆಯಲ್ಲಿ ಬಳಸದ ಡಬ್ಬಿಗಳಿದ್ದರೂ ಅವು ಚೌಕ, ಚಂದ್ರನೌಕೆಯ ಡಬ್ಬಿಗಳು ದುಂಡು. ಪ್ಲಾಸ್ಟಿಕ್ ಚೀಲ, ರಟ್ಟು, ಬಾಹ್ಯಾಕಾಶ ಉಡುಪಿನ ಕೊಳವೆ ಮತ್ತು ಅಂಟುಪಟ್ಟಿ ಸೇರಿಸಿ ಜೋಡಿಸಿದ ಮೇಲೆಯೇ ಅನಿಲದ ಮಟ್ಟ ಇಳಿಯಿತು. ಒಂದೇ ಯಾನದ ಎರಡು ಕೋಶಗಳಿಗೆ ಎರಡು ಬಗೆಯ ಡಬ್ಬಿ ಇಟ್ಟದ್ದು ವಿನ್ಯಾಸದ ತಪ್ಪೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಜಿಯೋಲೈಟ್ ಎಂಬ ಖನಿಜದ ಗುಂಡುಗಳಿವೆ. ಒಂದು ಪೆಟ್ಟಿಗೆ ಅನಿಲ ಹೀರುವಾಗ ಇನ್ನೊಂದನ್ನು ಕಾಯಿಸಿ, ಹೀರಿದ ಅನಿಲವನ್ನು ಬಿಡಿಸಿಕೊಳ್ಳುತ್ತಾರೆ. ಇದನ್ನು ಮತ್ತೆ ಮತ್ತೆ ಬಳಸಬಹುದಾದರೂ ಗುಂಡುಗಳ ಧೂಳು ಕವಾಟಗಳಲ್ಲಿ ಸಿಕ್ಕಿ ಅವು ಕಚ್ಚಿಕೊಂಡದ್ದಿದೆ. ಯಂತ್ರ ಸರಿಯಾಗಿ ಓಡುವಾಗಲೂ ಅಲ್ಲಿನ ಗಾಳಿಯಲ್ಲಿ ಡೈಆಕ್ಸೈಡ್ ನೆಲದ ಮೇಲಿನದಕ್ಕಿಂತ ಸುಮಾರು ಹತ್ತು ಪಟ್ಟು ಇರುತ್ತದೆ.

ಗಗನಯಾನದ ಮುಂದಿನ ಪತ್ರಿಕಾಗೋಷ್ಠಿಗೆ ಹೋಗುವ ನಿಮ್ಮ ವರದಿಗಾರರು ದಯವಿಟ್ಟು ಈ ಮೂರನ್ನು ಕೇಳಲಿ: ಡೈಆಕ್ಸೈಡ್ ಹೀರಲು ಏನನ್ನು, ಎಷ್ಟು ಕೆ.ಜಿ. ಒಯ್ಯುತ್ತಾರೆ? ಫ್ಯಾನು ನಿಂತರೆ ಬದಲಿ ಏನು? ಅನಿಲ ಎಷ್ಟಕ್ಕೇರಿದರೆ ಯಾನ ಮೊಟಕುಗೊಳಿಸಿ ಯಾತ್ರಿಗಳನ್ನು ಕೆಳಗಿಳಿಸುತ್ತಾರೆ?

— ಓದುಗ, ಹಾಸನ