ಮೊದಲು ಎಷ್ಟು ಎಪಿಸೋಡು ಅಂತ ಕೇಳು: ಅಳಿಯನಿಗೊಂದು ಪತ್ರ

ದಾವಣಗೆರೆ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ಯಾರ್ಡಿಗೆ ಮೆಕ್ಕೆಜೋಳ ಬರೋದು ಈಗ ಕಡಿಮೆ, ಅಂಗಡಿಯಲ್ಲಿ ಕೂತು ಬರೆಯೋಕೆ ಪುರುಸೊತ್ತಿದೆ.

ಸಿಇಟಿ ಮುಗೀತು, ರಿಸಲ್ಟ್ ಬರೋತನಕ ಯಾವ ಅನಿಮೆ, ಅಂದ್ರೆ ಜಪಾನಿನ ಕಾರ್ಟೂನು, ನೋಡಲಿ ಅಂತ ನೀನು ಕೇಳಿದ್ದೀಯ. ನಿಮ್ಮಮ್ಮ ಬೇರೆ ಫೋನ್ ಮಾಡಿ, "ಮೀಸೆ ಬಂದ ಹುಡುಗ ಬೊಂಬೆ ಚಿತ್ರ ನೋಡ್ತಾ ಕೂತಿರ್ತಾನೆ, ನೀನಾದ್ರೂ ಬುದ್ಧಿ ಹೇಳು" ಅಂದಳು. ಅವಳಿಗೆ ಇದನ್ನ ಓದಿ ಹೇಳು: ತೊಂಬತ್ತರ ದಶಕದಲ್ಲಿ ಭಾನುವಾರ ಬೆಳಗ್ಗೆ ದೂರದರ್ಶನದಲ್ಲಿ ಮೋಗ್ಲಿ ಬರ್ತಿದ್ದಾಗ ಎಣ್ಣೆ ಹಚ್ಚಿಕೊಂಡ ತಲೆಯಲ್ಲೇ ಟಿವಿ ಮುಂದಿಂದ ಏಳ್ತಿರಲಿಲ್ಲವಲ್ಲ, ಅದೂ ಅನಿಮೆಯೇ. ಜಪಾನಿನ ನಿಪ್ಪಾನ್ ಅನಿಮೇಷನ್‌ನವರು 1989ರಲ್ಲಿ ಮಾಡಿದ್ದು, 52 ಎಪಿಸೋಡು. ಅದರ ಹಿಂದಿ ಹಾಡನ್ನ ಅರ್ಥ ಗೊತ್ತಿಲ್ಲದೆ ಓಣಿಯೆಲ್ಲ ಹಾಡಿಕೊಂಡು ತಿರುಗಿದವರು ನಾವು.

ಈಗ ನಿನ್ನ ವಿಷಯ. ಯಾವುದೇ ಸರಣಿ ಶುರು ಮಾಡೋ ಮುಂಚೆ ಅದು ಎಷ್ಟು ಎಪಿಸೋಡು, ಮುಗಿದಿದೆಯೋ ಇಲ್ಲವೋ ಅಂತ ನೋಡು. ಗೆಳೆಯರೆಲ್ಲ ನರುಟೊ, ಒನ್ ಪೀಸ್ ಅಂತಾರೆ. ನರುಟೊ 220, ಅದರ ಮುಂದುವರಿಕೆ ಶಿಪ್ಪುಡೆನ್ 500. ಒಂದಕ್ಕೆ 23 ನಿಮಿಷ ಹಿಡಿದರೂ 276 ಗಂಟೆ. ದಿನಾ ಮೂರು ಗಂಟೆ ಕೂತರೆ ಮೂರು ತಿಂಗಳು. ಅಷ್ಟೊತ್ತಿಗೆ ನಿನ್ನ ಕೌನ್ಸೆಲಿಂಗ್ ಮುಗಿದು ಕಾಲೇಜು ಶುರುವಾಗಿರುತ್ತೆ. ಒನ್ ಪೀಸ್ 1999ರಿಂದ ಓಡ್ತಿದೆ, 1100 ದಾಟಿದೆ. ಕೆಟ್ಟವು ಅಂತಲ್ಲ. ಆದರೆ ಅವು ಹೀಗೆ ಉದ್ದ ಆಗೋಕೆ ಒಂದು ಕಾರಣವಿದೆ. ಮೂಲ ಮಾಂಗಾ, ಅಂದ್ರೆ ಜಪಾನಿನ ಚಿತ್ರಕಥೆ, ವಾರವಾರ ಪತ್ರಿಕೆಯಲ್ಲಿ ಬರ್ತಿರುತ್ತೆ, ಟಿವಿ ಸರಣಿ ಅದನ್ನ ಬೆನ್ನಟ್ಟಿ ಹತ್ತಿರ ಬಂದುಬಿಡುತ್ತೆ. ಆಗ ಕಥೆ ಮುಂದೆ ಹೋಗದ ಹಾಗೆ ಎಳೆಯಬೇಕು, ಇಲ್ಲವೇ ಮೂಲದಲ್ಲಿ ಇಲ್ಲದ್ದನ್ನ ತುಂಬಬೇಕು. ನೀವು ಫಿಲ್ಲರ್ ಅನ್ನೋದು ಅದನ್ನೇ. ಹಿಡಿ ಅಕ್ಕಿ ಹುರಿದು ಬುಟ್ಟಿ ತುಂಬ ಮಂಡಕ್ಕಿ ಮಾಡಿದ ಹಾಗೆ. ನರುಟೊ ನೋಡಲೇಬೇಕು ಅಂದ್ರೆ ಫಿಲ್ಲರ್ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಹಾರಿಸಿ ಹಾರಿಸಿ ನೋಡು.

ಶುರುವಿಗೆ 'ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್' ತಗೋ. 64 ಎಪಿಸೋಡು, 2009ರಲ್ಲಿ ಶುರುವಾಗಿ 2010ರಲ್ಲಿ ಮುಗೀತು. ಸತ್ತ ತಾಯಿಯನ್ನ ರಸವಿದ್ಯೆಯಿಂದ ಬದುಕಿಸೋಕೆ ಹೋಗಿ ಅಣ್ಣ ಒಂದು ಕೈ, ಒಂದು ಕಾಲು ಕಳಕೊಳ್ತಾನೆ, ತಮ್ಮ ಇಡೀ ದೇಹ ಕಳಕೊಳ್ತಾನೆ; ಕಳಕೊಂಡಿದ್ದನ್ನ ಹುಡುಕಿಕೊಂಡು ಹೊರಡೋ ಕಥೆ. ಇದೇ ಹೆಸರಲ್ಲಿ 2003ರದ್ದೂ ಒಂದಿದೆ, ಗೊಂದಲ ಮಾಡಿಕೋಬೇಡ. ಅದು ಮಾಡುವಾಗ ಮಾಂಗಾ ಇನ್ನೂ ಅರ್ಧದಲ್ಲಿತ್ತು, ಹಾಗಾಗಿ ಬೇರೆ ದಾರಿ ಹಿಡಿದು ತನ್ನದೇ ಅಂತ್ಯ ಮಾಡಿಕೊಂಡಿತು. ಬ್ರದರ್‌ಹುಡ್ ಹೆಚ್ಚುಕಮ್ಮಿ ಮಾಂಗಾ ಮುಗಿಯೋ ಹೊತ್ತಿಗೇ ಮುಗಿದದ್ದು, ಅದರ ಅಂತ್ಯವನ್ನೇ ಇಟ್ಟುಕೊಂಡದ್ದು. ಎಳೆದಿದ್ದು ಅಂತ ಅನ್ನಿಸೋದೇ ಇಲ್ಲ.

ಆ ಮಾಂಗಾ ಬರೆದಾಕೆ ಹಿರೋಮು ಅರಕಾವಾ. ಜಪಾನಿನ ಉತ್ತರದ ದ್ವೀಪ ಹೊಕ್ಕೈದೊದ ಹೈನುಗಾರರ ಮನೆ ಮಗಳು. ಕೃಷಿ ಹೈಸ್ಕೂಲಿನಲ್ಲಿ ಓದಿ, ಏಳು ವರ್ಷ ಮನೆಯ ಹೊಲ, ಕೊಟ್ಟಿಗೆಯಲ್ಲಿ ದುಡಿದು, ಆಮೇಲೆ ಟೋಕಿಯೊಗೆ ಹೋದವಳು. ಆಕೆಯದೇ ಇನ್ನೊಂದು 'ಸಿಲ್ವರ್ ಸ್ಪೂನ್', ನಿನಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು. ಹಚಿಕೆನ್ ಅನ್ನೋ ಸಪ್ಪೊರೊ ಪಟ್ಟಣದ ಹುಡುಗ, ಮಾರ್ಕಿನ ಪೈಪೋಟಿಯಲ್ಲಿ ಸೋತು ಸುಣ್ಣವಾಗಿ, ಮನೆಯಿಂದ ದೂರ ಹಾಸ್ಟೆಲ್ ಸಿಕ್ಕರೆ ಸಾಕು ಅಂತ ಹಳ್ಳಿಗಾಡಿನ ಕೃಷಿ ಶಾಲೆ ಸೇರ್ತಾನೆ. ಕೋಳಿ ಮೊಟ್ಟೆ ಎಲ್ಲಿಂದ ಇಡುತ್ತೆ ಅಂತ ನೋಡಿ ಹೌಹಾರುವಂಥವನು. ನೀನು ಅದರ ಉಲ್ಟಾ: ಜಗಳೂರಿನ ಒಣಬೇಸಾಯದ ಮನೆಯಿಂದ ಬೆಂಗಳೂರಿಗೆ ಓಡೋಕೆ ನಿಂತವನು. ಅದಕ್ಕೇ ನೋಡು ಅಂತಿದ್ದೀನಿ.

ಅದರಲ್ಲಿ ಕೊಮಾಬಾ ಅಂತ ಒಬ್ಬ ಬರ್ತಾನೆ. ಬೇಸ್‌ಬಾಲ್ ಆಟಗಾರ, ದೊಡ್ಡ ತಂಡ ಸೇರಿ ಮನೆಯ ಡೇರಿ ಉಳಿಸಬೇಕು ಅಂತ ಆಸೆ. ಎರಡನೇ ಸೀಸನ್‌ನಲ್ಲಿ ಸಾಲಕ್ಕೆ ಡೇರಿ ಮುಳುಗುತ್ತೆ, ಅವನು ಶಾಲೆ ಬಿಡ್ತಾನೆ. ಜಾಮೀನು ನಿಂತ ಪಕ್ಕದ ಮನೆಯವರು ಕುದುರೆ ಮಾರಬೇಕಾಗುತ್ತೆ. ಯಾರೂ ಎದೆ ಬಡಕೊಂಡು ಅಳೋದಿಲ್ಲ, ಲೆಕ್ಕ ಹೇಳಿದ ಹಾಗೆ ಹೇಳಿಬಿಡ್ತಾರೆ. ದಲ್ಲಾಳಿ ಅಂಗಡಿಯ ಗಲ್ಲಾದ ಮೇಲೆ ಕೂತು ಮುಂಗಡ ಬರಕೊಳ್ಳೋ ನನಗೆ ಆ ಲೆಕ್ಕ ಚೆನ್ನಾಗಿ ಗೊತ್ತು. ಮಳೆ ಕೈಕೊಟ್ಟ ವರ್ಷ "ಹುಡುಗನ್ನ ಕಾಲೇಜು ಬಿಡಿಸಿದೆ ಸಾವ್ಕಾರ್ರೆ" ಅನ್ನೋರ ದನಿಯೂ ಅಷ್ಟೇ ತಣ್ಣಗಿರುತ್ತೆ.

ಒಂದು ಎಚ್ಚರಿಕೆ. ಅದರಲ್ಲಿ ಹಚಿಕೆನ್ ಸಾಕಿದ ಹಂದಿಮರಿಯನ್ನ ಕೊನೆಗೆ ಮಾಂಸಕ್ಕೆ ಕಳಿಸ್ತಾರೆ, ಅವನೇ ತನ್ನ ಕೂಲಿ ದುಡ್ಡಲ್ಲಿ ಅದನ್ನ ಕೊಳ್ತಾನೆ. ನಮ್ಮ ಲಿಂಗಪೂಜೆಯ ಮನೆಯಲ್ಲಿ, ಅಜ್ಜಿ ಎದುರಿಗೆ, ದೊಡ್ಡ ಟಿವಿಯಲ್ಲಿ ಹಾಕಬೇಡ. ನನಗೂ ಹೊಟ್ಟೆ ತೊಳಸಿತು, ಆದರೂ ಪೂರ್ತಿ ನೋಡಿದೆ. ಇನ್ನೊಂದು, ನಾನೇ ಹೇಳಿದ ನಿಯಮಕ್ಕೆ ಇದು ಒಗ್ಗೋದಿಲ್ಲ. ಅನಿಮೆ ಎರಡು ಸೀಸನ್ ಸೇರಿ 22 ಎಪಿಸೋಡಿಗೆ 2014ರಲ್ಲೇ ನಿಂತುಹೋಯ್ತು, ಮಾಂಗಾ 2019ರ ತನಕ ನಡೀತು. ಅರ್ಧವಾದರೂ ಪರವಾಗಿಲ್ಲ ಅನ್ನಿಸೋದು ನನಗೆ ಇದೊಂದೇ.

'ಫ್ರೀರೆನ್' ಬಗ್ಗೆ ಕೇಳಿರ್ತೀಯ. ಮೊದಲ ಸೀಸನ್ 28 ಎಪಿಸೋಡು, 2023ರದ್ದು. ರಾಕ್ಷಸ ರಾಜನನ್ನ ಕೊಂದು ವೀರರು ಊರಿಗೆ ವಾಪಸಾದ ಮೇಲೆ ಶುರುವಾಗೋ ಕಥೆ. ಸಾವಿರ ವರ್ಷ ಬದುಕಿದ ಎಲ್ಫ್, ಅಂದ್ರೆ ನಮ್ಮ ಯಕ್ಷಿಯಂಥವಳು, ಒಬ್ಬಳಿಗೆ ಹತ್ತು ವರ್ಷ ಜೊತೆಗಿದ್ದವನು ಸತ್ತ ಮೇಲೆ ಅವನ ಬಗ್ಗೆ ತನಗೇನೂ ಗೊತ್ತಿರಲಿಲ್ಲ ಅಂತ ಹೊಳೆಯುತ್ತೆ. ನಿಧಾನ. ಎರಡು ಎಪಿಸೋಡಿಗೆ ಬೇಜಾರಾದರೆ ಬಿಡು, ಮೂವತ್ತು ದಾಟಿದ ಮೇಲೆ ನೋಡುವೆಯಂತೆ. 'ಅಟ್ಯಾಕ್ ಆನ್ ಟೈಟನ್' ನೋಡಬೇಡ ಅಂದರೂ ನೋಡ್ತೀಯ, ಗೊತ್ತು. ರಕ್ತಪಾತ ಜಾಸ್ತಿ, ತಂಗಿ ಮಲಗಿದ ಮೇಲೆ ನೋಡು. 2021ರ ನಿಯಮದ ಪ್ರಕಾರ ಓಟಿಟಿಯವರು ಯು/ಎ 13+, 16+, ಎ ಅಂತ ಯಾವ ವಯಸ್ಸಿನವರಿಗೆ ಅನ್ನೋ ಗುರುತು ಹಾಕಲೇಬೇಕು, ಅದನ್ನ ನೋಡಿಕೋ.

ಟೆಲಿಗ್ರಾಮಿನ ಲಿಂಕು, ಯಾರೋ ಕಳಿಸಿದ ಆ್ಯಪ್ ಫೋನಿಗೆ ಹಾಕಬೇಡ. ನಿಮ್ಮಪ್ಪನ ಫೋನ್‌ಪೇ ಅದರಲ್ಲೇ ಇದೆ. ಯೂಟ್ಯೂಬಿನಲ್ಲಿ ಮ್ಯೂಸ್ ಏಷ್ಯಾ ಚಾನೆಲ್‌ನವರು ಹಕ್ಕು ಪಡೆದ ಎಷ್ಟೋ ಸರಣಿಗಳನ್ನ ಪುಕ್ಕಟೆ ಹಾಕ್ತಾರೆ. ದುಡ್ಡು ಕಟ್ಟೋದಾದರೆ ಒಂದು ತಿಂಗಳಿಗೆ ಕಟ್ಟು, ಮುಗಿದ ಮೇಲೆ ನಿಲ್ಲಿಸು. ಆ ದುಡ್ಡು ನಾನು ಹಾಕ್ತೀನಿ. ಹಿಂದಿ, ತಮಿಳು, ತೆಲುಗು ಡಬ್ಬಿಂಗ್ ಬೇಕಾದಷ್ಟಿವೆ, ಆದರೂ ಜಪಾನಿ ದನಿಯಲ್ಲೇ ಸಬ್‌ಟೈಟಲ್ ಹಾಕಿಕೊಂಡು ನೋಡು. ಸೆಟ್ಟಿಂಗಿಗೆ ಹೋಗಿ ಆಟೋಪ್ಲೇ ಬಂದ್ ಮಾಡಿಡು. ಮುಂದಿನ ಎಪಿಸೋಡು ಬೇಕಾದರೆ ನೀನೇ ಒತ್ತು.

ಇವತ್ತು ರಾತ್ರಿ ಬ್ರದರ್‌ಹುಡ್ ಎರಡು ಎಪಿಸೋಡು ನೋಡಿ ಹೇಗಿದೆ ಅಂತ ಬರಿ. ಮಾರ್ಕ್ಸ್‌ಕಾರ್ಡ್, ಜಾತಿ ಆದಾಯ ಪ್ರಮಾಣಪತ್ರ ಎಲ್ಲ ಒಂದು ಫೈಲಿಗೆ ಹಾಕಿಡು. ನಿಮ್ಮಮ್ಮನಿಗೆ ಮೋಗ್ಲಿ ವಿಷಯ ಹೇಳೋದು ಮರೀಬೇಡ.

ಇಂತಿ ನಿನ್ನ ಮಾವ